ಬಾಗಿಲಿನ ಒಳಮೈ

ಅಪ್ಪಾ,

ತೀರಿಕೊಂಡವರಿಗೆ ಅಂಚೆ ಇಲ್ಲ, ಗೊತ್ತು. ಆದರೂ ಇದನ್ನು ನಿನಗೇ ಹೇಳಬೇಕು.

ನೀನು ದುಡಿದ ಯುದ್ಧನೌಕೆ ಈಗ ಸಿರಿವಂತನೊಬ್ಬನ ವಿಹಾರನೌಕೆಯಾಗುತ್ತಿದೆ. ಅದರ ಮರಗೆಲಸ ನನ್ನ ಪಾಲಿಗೆ ಬಂದಿದೆ. ಎಂಜಿನ್ ಪಕ್ಕದ ಕೋಣೆಯಲ್ಲಿ ಇನ್ನು ಮೇಲೆ ವೈನ್ ಇಡುತ್ತಾರಂತೆ.

ಇವತ್ತು ಅಲ್ಲಿನ ಉಕ್ಕಿನ ಬಾಗಿಲಿಗೆ ತೇಗದ ಹಲಗೆ ಹೊದಿಸಲು ಹೋದೆ. ಹಡಗಿಗೆ ನೀರು ನುಗ್ಗಿದ ದಿನ ಅಪ್ಪಣೆಯಂತೆ ನಾನೇ ಮುಚ್ಚಿದೆ ಎಂದು ನೀನು ಒಮ್ಮೆ ಮಾತ್ರ ಹೇಳಿದ್ದೆಯಲ್ಲ, ಅದೇ ಬಾಗಿಲು. ಒಳಮೈ ತುಂಬ ನೆಗ್ಗುಗಳಿವೆ. ಅವತ್ತು ಒಳಗೆ ಸಿಕ್ಕಿಕೊಂಡವರು ಸ್ಪ್ಯಾನರಿನಿಂದ ಬಡಿದ ಗುರುತು.

ಮನೆಯಲ್ಲಿ ಬೀರು ಮುಚ್ಚುವಾಗಲೂ ನೀನು, "ಒಳಗೆ ಯಾರಾದ್ರೂ ಇದೀರಾ?" ಎಂದು ಕೇಳುತ್ತಿದ್ದೆ. ನನ್ನ ಮದುವೆಯ ದಿನ ನೆಂಟರೆದುರೇ ನಾನು, "ಬೀರುವಲ್ಲಿ ಯಾರಪ್ಪ ಇರ್ತಾರೆ? ನನ್ನ ಮಾನ ಕಳೀಬೇಡ" ಎಂದು ರೇಗಿದೆ. ಆಮೇಲೆ ನೀನು ಕೇಳಲಿಲ್ಲ. ಹಿಡಿಕೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ.

"ಬೇಗ ಹೊದಿಸಯ್ಯಾ, ಆ ನೆಗ್ಗು ಯಾರ ಕಣ್ಣಿಗೂ ಬೀಳಬಾರ್ದು" ಎಂದ ಮೇಸ್ತ್ರಿ. ಹೊದಿಸಿದೆ. ಬಾಗಿಲು ಮುಚ್ಚುವ ಮುಂಚೆ ಬಾಯಿಗೆ ನಿನ್ನ ಮಾತೇ ಬಂತು: "ಒಳಗೆ ಯಾರಾದ್ರೂ ಇದೀರಾ?"

"ತಲೆ ಕೆಟ್ಟಿದ್ಯೇನಯ್ಯಾ?" ಮೇಸ್ತ್ರಿ ನಕ್ಕ. "ಇನ್ನೂ ಬಾಟ್ಲಿನೇ ಬಂದಿಲ್ಲ."

ನಾನು ಹಿಡಿಕೆ ಹಿಡಿದೇ ನಿಂತಿದ್ದೆ. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂದು ನಿನ್ನನ್ನು ಕೇಳಿಟ್ಟುಕೊಂಡಿರಲಿಲ್ಲ, ಅಪ್ಪಾ.