ಮಂಕು ನಕ್ಷತ್ರ ಹತ್ತಿದ ಬಸ್ಸು

ವೀಕ್ಷಣಾಲಯದ ಅಡುಗೆಮನೆ,
ಮಂಗಳವಾರ ಬೆಳಗ್ಗೆ

ನನ್ನ ಅವಸರದ ಅಮ್ಮನಿಗೆ,

ಮಗಳ ನಮಸ್ಕಾರ. ಅದರ ಹಿಂದೆಯೇ ಒಂದು ಜಗಳ.

ನಿನ್ನೆ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆಗೆದರೆ ನಿನ್ನ ಅಳಿಯ! ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಲಿಫ್ಟ್ ರಿಪೇರಿಯ ಸಾಮಾನಿನ ಚೀಲ. ಮುಂದಿನ ವಾರ ವಕೀಲರ ಆಫೀಸಿನಲ್ಲಿ ನನ್ನೊಂದಿಗೆ ಕೂತು ಬೇರೆಯಾಗುವ ಕಾಗದಕ್ಕೆ ಸಹಿ ಹಾಕಬೇಕಾದ ಮನುಷ್ಯ, ಈ ಬೆಟ್ಟ ಹತ್ತಿ ಬಂದು, ‘ನೀನು ಕರೆದೆಯಂತೆ, ಅತ್ತೆ ಹೇಳಿದ್ರು’ ಅನ್ನುವುದೇ?

ತಾಯೀ, ನಾನು ಯಾರನ್ನೂ ಕರೆದಿರಲಿಲ್ಲ!

ಶುಕ್ರವಾರ ಫೋನಿನಲ್ಲಿ ನಿನಗೆ ಓದಿ ಹೇಳಿದ್ದು ನನ್ನ ರೇಡಿಯೊ ಭಾಷಣ. ಮಂಕು ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳಲ್ಲಿ ಜೀವ ಇರಬಹುದೇ ಎಂಬ ವಿಷಯ. ಈ ಬೆಟ್ಟದ ಫೋನು ಮಾತಿಗೊಮ್ಮೆ ಕಡಿದುಹೋಗುತ್ತದೆ. ನಕ್ಷತ್ರ, ಗ್ರಹ ಎಲ್ಲವನ್ನೂ ತಾನೇ ನುಂಗಿ, ನಿನ್ನ ಕಿವಿಗೆ ಮಂಕು ಒಂದನ್ನೇ ಹಾಕಿದೆ. ಮದುವೆಯ ದಿನದಿಂದ ನೀನು ನಿನ್ನ ಅಳಿಯನನ್ನು ಕರೆಯುವುದೂ ಮಂಕು ಅಂತಲೇ ಅಲ್ಲವೇ?

ನಾನು ಓದಿದ್ದು ಇಷ್ಟು. ‘ಮಂಕು ಅಂತ ನಾವೆಲ್ಲ ತಾತ್ಸಾರ ಮಾಡಿದೆವು. ಝಗಮಗ ಹೊಳೆಯುವವು ಬೇಗ ಉರಿದು ಮುಗಿಯುತ್ತವೆ, ಇದು ಬಹುಕಾಲ ಬಾಳುತ್ತದೆ. ಆಗಾಗ ಸಿಡಿಯುತ್ತದೆ, ನಿಜ. ಆದರೂ ಹತ್ತಿರ ಇದ್ದರೇ ಬೆಚ್ಚಗೆ, ದೂರವಾದರೆ ಎಲ್ಲ ಹೆಪ್ಪುಗಟ್ಟುತ್ತದೆ. ಅಲ್ಲಿ ಬದುಕು ಸಾಧ್ಯ ಅಂತ ಒಂದು ಆಸೆ.’ ಅದು, ಇದು ಅಂತ ಅಷ್ಟು ಸಲ ಅಂದೆನಲ್ಲ, ಆಗಲಾದರೂ ನಿನಗೆ ಅನುಮಾನ ಬರಬೇಡವೇ? ಸಿಟ್ಟು ಬಂದಾಗ ಅಪ್ಪನನ್ನು ನೀನೂ ‘ಅದು’ ಅನ್ನುತ್ತೀಯಲ್ಲ, ಮಗಳೂ ಹಾಗೇ ಅಂದುಕೊಂಡೆಯೇನೋ! ಆ ಕಡೆ ನೀನು ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ, ಆಹಾ, ಭಾಷಣ ಎಷ್ಟು ಚೆನ್ನಾಗಿ ಬಂದಿದೆ ಅಂತ ನಾನಿಲ್ಲಿ ಹಿಗ್ಗಿ ಹೀರೇಕಾಯಿಯಾಗಿದ್ದೆ. ನೀನೋ, ಫೋನಿಟ್ಟವಳೇ ಆ ಮಾತನ್ನೆಲ್ಲ ಅಳಿಯನಿಗೆ ಒಪ್ಪಿಸಿ, ಅವಳು ನಿಮ್ಮನ್ನು ಕರೀತಿದ್ದಾಳೆ ಅಂದುಬಿಟ್ಟಿದ್ದೀಯ!

ಊಟಕ್ಕೆ ಕೂತಾಗ ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಣ್ಣು ಸೋರುವ ನಲ್ಲಿಯ ಮೇಲೆ ಬಿತ್ತು. ರಿಪೇರಿಯೂ ಆಯಿತು. ತೊಟ್ಟಿಕ್ಕುತ್ತಿದ್ದದ್ದು ಧೋ ಅಂತ ಸುರಿಯತೊಡಗಿತು! ತೊಯ್ದು ತೊಪ್ಪೆಯಾಗಿ ನನ್ನ ಮುಖ ನೋಡಿದರು. ನಾನು ನಕ್ಕೆ, ಅವರೂ ನಕ್ಕರು. ಈ ಮನುಷ್ಯನಿಗೆ ನಗಲು ಬರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಸಂಜೆ ತಾವಾಗಿಯೇ ಕೇಳಿದರು, ನೀನು ನೋಡೋ ಆ ಗ್ರಹಗಳಲ್ಲಿ ನಿಜವಾಗ್ಲೂ ಜೀವ ಇದೆಯಾ ಅಂತ. ಇನ್ನೂ ಗೊತ್ತಿಲ್ಲ, ಹುಡುಕ್ತಾ ಇದ್ದೀವಿ ಅಂದೆ. ಸರಿ ಅಂದರು. ನಾನು ಈ ಕೆಲಸಕ್ಕೆ ಹೊರಟಾಗಲೂ ಹೀಗೆಯೇ ಸರಿ ಅಂದಿದ್ದರು. ಹೋಗಬೇಡ ಅನ್ನಲಿಲ್ಲ, ನಾನೂ ಬರ್ತೀನಿ ಅನ್ನಲಿಲ್ಲ. ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ ಅಮ್ಮ, ಬೇರೆಯಾಗೋಣ ಅಂದದ್ದಕ್ಕೆ ಇನ್ಯಾವ ದೊಡ್ಡ ಕಾರಣವೂ ಇಲ್ಲ.

ಈಗ ಕರೆದಿದ್ದಾಳೆ ಅಂತ ನಂಬಿಕೊಂಡು ಬಂದಿದ್ದಾರೆ. ನಿಜ ಗೊತ್ತಾದರೆ ಮುಂದಿನ ಬಸ್ಸಿಗೇ ಹೊರಟುಬಿಡುತ್ತಾರೆ. ಅವರು ಹೋಗುವುದು ನನಗೆ ಬೇಡ. ಹೇಳಿಬಿಟ್ಟೆ ನೋಡು. ನಿನ್ನ ದಮ್ಮಯ್ಯ, ನೀನು ಮಾತ್ರ ಬಾಯಿ ಬಿಡಬೇಡ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಮಗಳು

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅವರೇ ಎದುರಿಗೆ ಬಂದು ಕೂತರು. ನಿನ್ನೆ ಬರುವಾಗ ಅರ್ಧ ದಾರಿಯಲ್ಲಿ ಬಸ್ಸಿನ ರೇಡಿಯೊದಲ್ಲಿ ನನ್ನ ಭಾಷಣ ಬಂತಂತೆ. ಅತ್ತೆ ಹೇಳಿದ ಮಾತೆಲ್ಲ ಅದರಲ್ಲೇ ಇತ್ತು, ನೀನು ಕರೆದಿಲ್ಲ ಅಂತ ಆಗಲೇ ಗೊತ್ತಾಯ್ತು ಅಂದರು. ಇಳಿದುಬಿಡೋಣ ಅಂತ ಎದ್ದರಂತೆ. ಮುಂದಿನ ಸ್ಟಾಪಲ್ಲಿ ಇಳಿದರಾಯ್ತು ಅಂತ ಕೂತರಂತೆ. ಹಾಗೇ ಎಲ್ಲಾ ಸ್ಟಾಪೂ ಮುಗಿದುಹೋಯಿತಂತೆ. ವಕೀಲರಿಗೆ ನಾವು ಬರುವುದಿಲ್ಲ ಅಂತ ನೀನೇ ಹೇಳಿಬಿಡಮ್ಮ.