ಪುಸ್ತಕದಲ್ಲಿ ಒಂದೇ ಒಂದು ಸುಳ್ಳು

ಅಕ್ಟೋಬರ್ 4, ಸೋಮವಾರ. ಬೆಳಿಗ್ಗೆ

ಡೆಸ್‌ಗೆ ಮುಖ ತೊಳೆಸಿ, ಗಡ್ಡ ಹೆರೆದು, ಕುರ್ಚಿಯಲ್ಲಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಬಿತ್ತು. ಓಟ್ಸ್ ಗಂಜಿ ಅರ್ಧ ಒಳಗೆ, ಅರ್ಧ ಟವೆಲ್ ಮೇಲೆ.

"ಸಾಕಾ?"

"ಸರಿ ಸರಿ."

"ಇನ್ನೂ ಬೇಕಾ?"

"ಸರಿ ಸರಿ."

ಸ್ಟ್ರೋಕ್ ಆದ ಮೇಲೆ ಬಾಯಲ್ಲಿ ಉಳಿದಿರುವುದು ಇದೊಂದೇ ಮಾತು. ಹೌದು ಎನ್ನಲು ಎಡಗೈ ಬೆರಳಿನಿಂದ ಕುರ್ಚಿ ತಟ್ಟುತ್ತಾನೆ. ಇಲ್ಲ ಎನ್ನಲು ತಲೆ ಅಲ್ಲಾಡಿಸುತ್ತಾನೆ. ಓದು ಬರಹ ಎರಡೂ ಹೋದವು. ಊರಿಗೆಲ್ಲ ಮಾತು ಹಂಚುತ್ತಿದ್ದ ನನ್ನ ಗಂಡ!

ಮದುವೆಯಾದಾಗಿನಿಂದ ಈ ಮನೆಯಲ್ಲಿ ಟಿನ್ ಪ್ಯಾರಿಷ್ ಬ್ಯಾಂಡಿನದೇ ಭಜನೆ. ಯಾವ ಹಾಡು ಯಾವ ಸ್ಟುಡಿಯೋದಲ್ಲಿ, ಯಾವ ಗಿಟಾರಿನಲ್ಲಿ, ಹಿಂದೆ ಕೆಮ್ಮಿದ್ದು ಯಾರು... ಎಲ್ಲ ಕೆದಕಿ ಡೆಸ್ ಒಂದು ದಪ್ಪ ಪುಸ್ತಕ ಮಾಡಿದ. ಹಾಡು ಹಾಡಿಗೂ ಒಂದೊಂದು ಟಿಪ್ಪಣಿ. ಅವನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ. ಆ ಗದ್ದಲ ನನಗೆ ಅಷ್ಟಕ್ಕಷ್ಟೆ. ಒಂದು ಹಾಡು ಬಿಟ್ಟು.

ಅಕ್ಟೋಬರ್ 5

ಅದೇ ಬ್ಯಾಂಡಿನ ಮೇಲೆ ಸ್ಟೇದರ್ಸ್ ಬರೆದ ಪುಸ್ತಕ ಪೋಸ್ಟಿನಲ್ಲಿ ಬಂತು. ಲೀಡ್ಸಿನ ಸ್ಟೇದರ್ಸ್. ನಮ್ಮ ಮನೆಯಲ್ಲೇ ಕೂತು, "ಇನ್ನೊಂದು ತುಂಡು ಹಾಕಿ ಮಾರ್ಲೀನ್, ನಾಚ್ಕೊಳ್ಳೋ ಗಂಡಸು ನಾನಲ್ಲ" ಎಂದು ನನ್ನ ಕೈಯ ಮೀನು ಪೈ ತಿಂದು ಹೋದವನು. ನಾಚಿಕೆ ನಿಜಕ್ಕೂ ಇಲ್ಲ. ಪುಟ ಪುಟವೂ ಡೆಸ್‌ನದೇ. ಅಲ್ಲೊಂದು ಇಲ್ಲೊಂದು ಪದ ತಿರುವಿ ಹಾಕಿದ್ದಾನೆ, ಅಷ್ಟೇ. ಮುಖಪುಟದ ಮೇಲೆ ದೊಡ್ಡದಾಗಿ ಅವನ ಹೆಸರು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಡೆಸ್‌ಗೆ ತೋರಿಸಬಾರದಿತ್ತು. ತೋರಿಸಿದೆ. ತನ್ನ ಪುಸ್ತಕದ ಚಿತ್ರಗಳನ್ನೆಲ್ಲ ಅದರೊಳಗೆ ಗುರುತು ಹಿಡಿದ. "ಸರಿ ಸರಿ ಸರಿ ಸರಿ" — ಕಿರುಚಿದ. ಜೊಲ್ಲು, ಕಣ್ಣೀರು ಎರಡೂ.

ಡೆಸ್‌ನ ಪ್ರಕಾಶಕ ಪಾರ್ಜಿಟರ್ ಫೋನ್ ಮಾಡಿದರು.

"ಕೋರ್ಟಿಗೆ ಎಳೆದ್ರೆ ಅವನೇನಂತಾನೆ ಗೊತ್ತಾ? ‘ನಾನೂ ಹುಡುಕ್ದೆ, ನಂಗೂ ಅದೇ ಸಿಕ್ತು’ ಅಂತಾನೆ. ನಿಜ ಇಬ್ರಿಗೂ ಸಿಗಬಹುದು ಮಿಸೆಸ್ ಆಲರ್ಟನ್. ಒಂದೇ ಸುಳ್ಳು ಇಬ್ರಿಗೆ ಸಿಗೋಕಾಗಲ್ಲ. ಡೆಸ್ ಹಾಕಿರೋ ಬಲೆ ಯಾವುದು ಹೇಳಿ, ಅವನನ್ನ ನಾನು ನೋಡ್ಕೋತೀನಿ."

ಬಲೆ. ಈ ಕಸುಬಿನವರ ಪದ್ಧತಿ ಅದು. ಯಾರೂ ಪರೀಕ್ಷೆ ಮಾಡಲಾಗದ ಒಂದು ಸಣ್ಣ ಸುಳ್ಳನ್ನು ಪುಸ್ತಕದಲ್ಲಿ ಎಲ್ಲೋ ಸೇರಿಸಿಡುತ್ತಾರೆ. ಕದ್ದವನು ಅದನ್ನೂ ಕದ್ದು ಸಿಕ್ಕಿಬೀಳುತ್ತಾನೆ. ಒಂದಕ್ಕಿಂತ ಹೆಚ್ಚು ಹಾಕಿದರೆ ಬರೆದವನ ಮಾನವೇ ಹೋಗುತ್ತದೆ. ಡೆಸ್ ನನಗೆ ಹೇಳಿದ್ದ — "ಒಂದಿದೆ ಕಣೇ. ಯಾವ್ದು ಅಂತ ನಿಂಗೂ ಹೇಳಲ್ಲ. ನಿನ್ ಬಾಯಿ ಅಂದ್ರೆ ಊರ ಬಾಗಿಲು."

ಈಗ ಹೇಳುವ ಬಾಯಿ ಎಲ್ಲಿದೆ?

ಅಕ್ಟೋಬರ್ 9, ಶನಿವಾರ

ಅಮ್ಮನನ್ನು ನೋಡಿ ಬಂದೆ. ವೃದ್ಧಾಶ್ರಮದಲ್ಲಿ ಎಂದಿನ ಬೇಯಿಸಿದ ಕೋಸಿನ ವಾಸನೆ. ಅಮ್ಮ ಕಿಟಕಿ ಹತ್ತಿರ, ಮಡಿಲಲ್ಲಿ ಕ್ಯಾಸೆಟ್ ಪ್ಲೇಯರ್.

"ಸುಮ್ನಿರೇ, ಈಗ ಬರ್ತಾನೆ."

ಟಿನ್ ಪ್ಯಾರಿಷ್‌ನವರ ಲೈವ್ ರೆಕಾರ್ಡ್ ಅದು. ಹಾಡು ಶುರುವಾಗುವ ಮುಂಚೆ ಗಿಟಾರಿನವನು ತಂತಿ ಬಿಗಿಯುತ್ತಿರುತ್ತಾನೆ. ಗುಂಪಿನಿಂದ ಒಬ್ಬ ಕೂಗುತ್ತಾನೆ — "ಬೇಗ ಶುರು ಹಚ್ಕೊಳ್ರಪ್ಪಾ, ಬೆಳಗಾದ್ರೆ ನಾನು ಹಡಗು ಹತ್ಬೇಕು!" ಇಡೀ ಹಾಲ್ ನಗುತ್ತದೆ. ಆಮೇಲೆ ಡ್ರಮ್ಸ್.

ಅದು ನಮ್ಮ ಕ್ಲೈವ್ ಅಣ್ಣ. ನಮ್ಮೂರು ಗ್ರಿಮ್ಸ್‌ಬಿಯದೇ ಹಾಲ್. ಆ ಚಳಿಗಾಲದಲ್ಲೇ ಅವನ ಮೀನು ಹಡಗು ಐಸ್‌ಲ್ಯಾಂಡ್ ಕಡೆ ಹೋಗಿದ್ದು ಮರಳಲಿಲ್ಲ. ಹೆಣವಿಲ್ಲ, ಗೋರಿಯಿಲ್ಲ. ಡೆಸ್ ಪರಿಚಯವಾದದ್ದೇ ಆ ಕೂಗಿನಿಂದ. "ಪಕ್ಕದಲ್ಲಿ ನಿಂತಿದ್ದ ಗೆಳೆಯರಿಂದ ತಿಳೀತು, ಕೂಗಿದ್ದು ನಿಮ್ಮ ಹುಡುಗನೇ" ಎಂದು ರೆಕಾರ್ಡ್ ಹಿಡಿದುಕೊಂಡು ಮನೆಗೆ ಬಂದಿದ್ದ. ಹಾಕಿದ ತಕ್ಷಣ ಅಮ್ಮ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು, "ನನ್ ಮಗನೇ ಕಣಪ್ಪಾ" ಎಂದು ಕುಸಿದಳು. ನಾನು ಡೆಸ್‌ನನ್ನು ಮದುವೆಯಾದದ್ದು ಆ ಸಂಜೆಯ ದೆಸೆಯಿಂದ. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

"ಹೊಟ್ಟೆ ತುಂಬ ಊಟ ಮಾಡ್ಸಿ ಕಳ್ಸಿದ್ದೆ ಅವತ್ತು," ಅಮ್ಮ ಟೇಪ್ ಹಿಂದಕ್ಕೆ ತಿರುಗಿಸುತ್ತ ಹೇಳಿದಳು. "ದನಿ ನೋಡು, ಹೇಗೆ ಗಟ್ಟಿಯಾಗಿದೆ!"

ಅಕ್ಟೋಬರ್ 17, ಭಾನುವಾರ

ಮಧ್ಯಾಹ್ನವೆಲ್ಲ ಪುಸ್ತಕ ಬಿಚ್ಚಿಕೊಂಡು ಅವನ ಎದುರು ಕೂತಿದ್ದೆ. ಮೊದಲ ಪುಟದಿಂದ ಓದುವುದು. ಕೇಳುವುದು.

"ಸ್ಟುಡಿಯೋದ ಬೀಗ ಕೆಟ್ಟಿತ್ತು, ಹಾಡುಗಾರ ಬಾತ್‌ರೂಮಿನಲ್ಲಿ ಕೂತು ಹಾಡಿದ — ಇದಾ ಸುಳ್ಳು?"

ಇಲ್ಲ.

"ಪಿಟೀಲಿನವಳು ಬಸುರಿ, ಹಾಡಿನ ನಡುವೆ ಎದ್ದು ಹೋದಳು — ಇದಾ?"

ಇಲ್ಲ. ನಗು ಬೇರೆ, ಅರ್ಧ ಬಾಯಿಯಲ್ಲಿ.

ಓದುತ್ತ ಓದುತ್ತ ಎಲ್ಲವೂ ಸುಳ್ಳೆನ್ನಿಸತೊಡಗಿತು. ಇಷ್ಟೆಲ್ಲ ನಾನೇ ಟೈಪ್ ಮಾಡಿದ್ದು, ಒಂದು ದಿನವೂ ಅನುಮಾನ ಪಟ್ಟವಳಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ನಾಳೆ ಮುಂದುವರಿಸಬೇಕು.

ಅಕ್ಟೋಬರ್ 20

ಲೈವ್ ರೆಕಾರ್ಡಿನ ಪುಟಗಳು ಬಂದವು. ಅಣ್ಣನ ಹಾಡು. ಅದನ್ನೇನು ಕೇಳುವುದು ಎಂದು ಹಾಳೆ ತಿರುವಿದೆ.

ಡೆಸ್ ಎಡಗೈ ಚಾಚಿ ಹಾಳೆ ಹಿಡಿದ. ವಾಪಸ್ ಎಳೆದ. ಆ ಪುಟದ ಮೇಲೆ ಹಾಲ್‌ನ ಫೋಟೋ ಇದೆ.

"ಕ್ಲೈವ್‌ದು ಕೇಳ್ಬೇಕಾ? ಆಯ್ತಪ್ಪಾ," ಎಂದು ಓದಿದೆ. "ಹಾಡಿಗೆ ಮುಂಚೆ ಗುಂಪಿನಿಂದ ಕೂಗಿದವನು ಗ್ರಿಮ್ಸ್‌ಬಿಯ ಮೀನು ಹಡಗಿನ ಕೆಲಸಗಾರ ಕ್ಲೈವ್ ವೈಟ್‌ಲಮ್. ಪಕ್ಕದಲ್ಲಿ ನಿಂತಿದ್ದ ಗೆಳೆಯರು ದೃಢಪಡಿಸಿದ್ದಾರೆ."

ತಟ್ಟಿದ.

"ಏನು? ಮುಂದಿನದಾ?"

ತಲೆ ಅಲ್ಲಾಡಿಸಿದ. ಫೋಟೋದ ಮೇಲೆ ಬೆರಳಿಟ್ಟು ಮತ್ತೆ ತಟ್ಟಿದ.

"ಬೇಡ ಡೆಸ್. ತಮಾಷೆ ಬೇಡ. ಇದಲ್ಲ."

"ಸರಿ ಸರಿ," ಅಂದ. ಅಳುತ್ತಿದ್ದ. "ಸರಿ ಸರಿ..."

ಅಕ್ಟೋಬರ್ 21

ಬೆಳಿಗ್ಗೆ ಅವನಿಗೆ ತಿಂಡಿ ಕೊಡಲಿಲ್ಲ. ಮಧ್ಯಾಹ್ನ ಊಟ ಕೊಟ್ಟೆ.

ಪಾಪಿ. ಅಮ್ಮ ಅವನ ಕೈ ಹಿಡಿದು ಅತ್ತಿದ್ದಳಲ್ಲ! ಒಬ್ಬ ಗೆಳೆಯನೂ ಹೇಳಿರಲಿಲ್ಲವೇ? "ಸುಮ್ನೆ ಊಹೆ ಮಾಡಿ ಬಂದೆಯಾ?" — ತಟ್ಟಿದ. "ಅದೇ ನೆಪ ಮಾಡ್ಕೊಂಡು ನನ್ನ ನೋಡೋಕೆ ಬಂದೆಯಾ?" — ಮೆಲ್ಲಗೆ, ಒಂದೇ ಸಲ ತಟ್ಟಿದ.

ಈ ಕಸುಬಿನಲ್ಲಿ ಒಬ್ಬನಿಗೆ ಒಂದೇ ಸುಳ್ಳಿನ ಹಕ್ಕು. ಅದನ್ನು ನಮ್ಮ ಮನೆಗೆ ತಂದು ಕೊಟ್ಟ. ಉಳಿದ ಅಷ್ಟೂ ಪುಟ ಸತ್ಯ ಬರೆದ. ಬೈಯಲೋ, ಅಪ್ಪಿಕೊಳ್ಳಲೋ ತಿಳಿಯದೆ ಅವನ ಉಗುರು ಕತ್ತರಿಸುತ್ತ ಕೂತೆ.

ಅಕ್ಟೋಬರ್ 29

ಸ್ಟೇದರ್ಸ್‌ನ ಪುಸ್ತಕ ತೆಗೆದು ನೋಡಿದೆ. ಇದೆ. "ಪಕ್ಕದಲ್ಲಿ ನಿಂತಿದ್ದ ಗೆಳೆಯರು" — ಇಲ್ಲದ ಗೆಳೆಯರನ್ನೂ ಕದ್ದಿದ್ದಾನೆ. ಸಿಕ್ಕಿಬಿದ್ದ.

ಪಾರ್ಜಿಟರ್‌ಗೆ ಒಂದು ಮಾತು ಹೇಳಿದರೆ ಸಾಕು, ಡೆಸ್‌ನ ಪುಸ್ತಕ ಡೆಸ್‌ಗೆ. ಆದರೆ ಅದು ಕೋರ್ಟಿನಲ್ಲಿ ಓದುವ ಮಾತು. ಪತ್ರಿಕೆಗೆ ಬರುವ ಮಾತು. ನಮ್ಮೂರಿನ ಪತ್ರಿಕೆಯಂತೂ ಬಿಡುತ್ತದೆಯೇ? ಆಶ್ರಮದಲ್ಲಿ ದಿನವೂ ಅಮ್ಮನಿಗೆ ಪತ್ರಿಕೆ ಓದಿ ಹೇಳುತ್ತಾರೆ.

ಅತ್ತ ದರಿ, ಇತ್ತ ಪುಲಿ. ನನ್ನಂಥ ದರಿದ್ರದವಳು ಇನ್ನೊಬ್ಬಳಿಲ್ಲ.

ನವೆಂಬರ್ 6, ಶನಿವಾರ

ಅಮ್ಮನಿಗೆ ಹೇಳಿಬಿಡೋಣವೆಂದೇ ಹೋದೆ.

"ಅಮ್ಮಾ, ಆ ಕೂಗು ಕ್ಲೈವ್‌ದೇ ಅಂತ ನಿಂಗೆ ಯಾವತ್ತೂ ಅನುಮಾನ ಬರ್ಲಿಲ್ವಾ?"

ಅಮ್ಮ ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. "ಹೆತ್ತೋಳಿಗೆ ಅನುಮಾನ ಏನೇ? ನಿಂಗೇನಾಗಿದೆ ಇವತ್ತು? ಡೆಸ್ ಹುಷಾರಾಗಿದಾನಾ?"

"ಹುಷಾರಾಗಿದಾನೆ."

"ದೇವರಂಥ ಅಳಿಯ. ಕಡಲು ನುಂಗಿದ್ದನ್ನ ತಂದ್ಕೊಟ್ಟ."

ಬಿಸ್ಕತ್ತು ಚಹಾದಲ್ಲಿ ಅದ್ದಿ ಕೊಟ್ಟೆ. ಬಸ್ಸಿನಲ್ಲಿ ಕೂತು ಮುಖ ಕಿಟಕಿಗೆ ತಿರುಗಿಸಿಕೊಂಡೆ.

ನವೆಂಬರ್ 8

ಪಾರ್ಜಿಟರ್ ಫೋನ್. ಡೆಸ್ ಎದುರಿಗೇ ಕೂತಿದ್ದ.

"ಬಲೆ ಹಾಕಿರ್ಲಿಲ್ಲ," ಅಂದೆ. "ಸುಮ್ನೆ ಜಂಬ ಕೊಚ್ಕೊಂಡಿದ್ದ. ಎಲ್ಲಾ ನಿಜವೇ ಬರ್ದಿದಾನೆ."

"ಹಾಗಾದ್ರೆ ಕೈ ಚೆಲ್ಲೋದೇ ಮಿಸೆಸ್ ಆಲರ್ಟನ್. ನಮ್ಮ ಹೊಸ ಆವೃತ್ತಿನೂ ಇನ್ನು ಬರಲ್ಲ. ಅಂಗಡಿಯವರೆಲ್ಲ ಸ್ಟೇದರ್ಸ್‌ದೇ ತರಿಸ್ತಿದಾರೆ."

"ಗೊತ್ತು."

ಫೋನ್ ಇಟ್ಟೆ. ಡೆಸ್‌ನ ಇಡೀ ಬಾಳು ಇನ್ನು ಸ್ಟೇದರ್ಸ್‌ನ ಹೆಸರಿನಲ್ಲಿ. ಹೋಗಲಿ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ, ಅಮ್ಮನಿಗೆ ಮಗ ಉಳಿದ.

ನವೆಂಬರ್ 21, ಭಾನುವಾರ. ಸಂಜೆ

ಡೆಸ್ ಮಲಗಿದ್ದಾನೆ. ಈಗ ಊಟವೂ ಬೇಡ, ರೇಡಿಯೋವೂ ಬೇಡ. "ಸರಿ ಸರಿ" ಕೂಡ ನಿಂತಿದೆ.

ರೆಕಾರ್ಡ್ ಹಾಕಿದೆ. ಕೂಗು ಬಂತು. ಯಾರೋ ಒಬ್ಬ, ಹಡಗಿಗೆ ಹೊರಟವನು. ಬಂದರಿನ ಯಾವ ಹುಡುಗನಾದರೂ ಆಗಬಹುದು. ಯಾರ ಮನೆಯವನೋ, ಬದುಕಿ ಬಂದನೋ ಇಲ್ಲವೋ.

ಹೋಗಲಿ, ಅಣ್ಣನ ನಿಜವಾದ ದನಿ ನನ್ನೊಳಗೆ ಇರಲೇಬೇಕಲ್ಲ ಎಂದು ರೆಕಾರ್ಡ್ ನಿಲ್ಲಿಸಿ, ಕಣ್ಣು ಮುಚ್ಚಿ ಕೂತೆ. ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕರೆಯುತ್ತಿದ್ದ. ಬೂಟು ಕಂಡಿತು. ಒದ್ದೆ ಸ್ವೆಟರ್ ಕಂಡಿತು, ಮೀನಿನ ಎಣ್ಣೆಯ ವಾಸನೆ ಬಂತು. ಬಾಯಿ ತೆರೆದ.

ಬಂದದ್ದು ಆ ಹಾಲ್‌ನವನ ದನಿ.

ಮತ್ತೆ ಪ್ರಯತ್ನ ಮಾಡಿದೆ. ಕ್ರಿಸ್‌ಮಸ್ ಊಟದಲ್ಲಿ, ಜಗಳದಲ್ಲಿ, ಬಾಗಿಲಲ್ಲಿ ಹೊರಡುವಾಗ... ಎಲ್ಲ ಕಡೆಯೂ ಅದೇ. ಅಣ್ಣನ ಬಾಯಿ, ಇನ್ಯಾರದೋ ದನಿ. ಕೇಳಿ ಕೇಳಿ ಅಣ್ಣನ ದನಿಯನ್ನು ನಾನೇ ಅಳಿಸಿಬಿಟ್ಟೆನೇ? ಹೊರಡುವಾಗ ಕ್ಲೈವ್ ಕೊನೆಗೆ ಹೇಳಿದ್ದು, ಬಾಗಿಲಲ್ಲಿ ತಿರುಗಿ, "ಮಾರ್ಲೀನ್" ಎಂದಲ್ಲ, ಮುದ್ದಿಗೆ ಚಿಕ್ಕದಾಗಿ ಏನೋ ಕರೆದು — ಆ ಹೆಸರೂ ನೆನಪಿಗೆ ಬರುತ್ತಿಲ್ಲ.