ಹಿಂದಿನ ಕಿಟಕಿಯ ಪರದೆ

ನಮ್ಮ ಮನೆ, ಹಿಂದಿನ ಕೋಣೆ
ಮಾರ್ಚ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯ? ನಿನ್ನ ಹೆಂಡತಿಯ ಸೊಂಟನೋವು ಕಡಿಮೆಯಾಯಿತೇ? ಅಲ್ಲಿನ ಚಳಿಯಲ್ಲಿ ನೀನು ಕಿವಿ ಮುಚ್ಚಿಕೊಳ್ಳದೆ ತಿರುಗುತ್ತೀಯ ಎಂದು ಅವಳು ಬರೆದಿದ್ದಳು. ಚಿಕ್ಕಂದಿನಿಂದಲೂ ನಿನ್ನ ಕಿವಿಗೆ ಯಾರ ಮಾತೂ ಹೋಗಿದ್ದಿಲ್ಲ, ಗಾಳಿ ಮಾತ್ರ ಹೋಗುತ್ತದೆ. ನಾನು ಚೆನ್ನಾಗಿದ್ದೇನೆ. ಮಂಡಿ ಹಿಡಿಯುತ್ತದೆ, ಹೊಲಿಗೆ ಯಂತ್ರದ ಮುಂದೆ ಕೂತರೆ ಅದೂ ಮರೆತುಹೋಗುತ್ತದೆ. ಮನೆ ಮಾರಲು ನೀನು ಕಳಿಸಿದ ಒಪ್ಪಿಗೆ ಕಾಗದ ಬಂದು ಸೇರಿತು. ಸಹಿ ಹಾಕಿ ಕೂಡಲೇ ಕಳಿಸು, ಸಿಕ್ಕಷ್ಟಕ್ಕೆ ಕೈತೊಳೆದುಕೊಳ್ಳೋಣ ಎಂದಿದ್ದೀಯ. ಮೊದಲು ಇಲ್ಲಿ ಏನಾಯಿತು ಕೇಳು.

ಬೀದಿಗೆ ಒಬ್ಬ ದಲ್ಲಾಳಿ ಬರುತ್ತಿದ್ದಾನೆ. ಯಾವ ಮನೆ ಕಂಡರೂ ಅರ್ಧ ಬೆಲೆ ಹೇಳುತ್ತಾನಾದ್ದರಿಂದ ಅವನಿಗೆ ನಾವಿಟ್ಟ ಹೆಸರು ಅರ್ಧರೇಟು. ಮುಚ್ಚಿದ ಬಣ್ಣದ ಕಾರ್ಖಾನೆ ಹಿತ್ತಲಿಗೇ ಅಂಟಿಕೊಂಡಿದೆ, ಒಡೆದ ಗಾಜು, ತುಕ್ಕು ಹಿಡಿದ ತೊಟ್ಟಿಗಳನ್ನು ನೋಡಿದ ಮೇಲೆ ಯಾರು ಕೊಳ್ಳುತ್ತಾರೆ ಎನ್ನುವುದು ಅವನ ವಾದ. ಅಪ್ಪ ಈ ಮನೆ ಕೊಂಡಾಗ ಅದೇ ಕಾರ್ಖಾನೆ ಹತ್ತಿರವಿದೆ ಎಂದು ಮಾರುವವರು ಹೆಚ್ಚು ಬೆಲೆ ಕೇಳಿದ್ದರಂತೆ. ಕೆಲಸಕ್ಕೆ ನಡೆದೇ ಹೋಗಬಹುದು ಎಂದು ಅಪ್ಪ ಚೌಕಾಸಿಯನ್ನೂ ಮಾಡಲಿಲ್ಲ. ಗೋಡೆ ಅದೇ, ಮನೆ ಅದೇ. ಆಗ ಹತ್ತಿರವಿದೆ ಎಂದು ಏರಿಸಿದರು, ಈಗ ಹತ್ತಿರವಿದೆ ಎಂದು ಇಳಿಸುತ್ತಾರೆ.

ಅರ್ಧರೇಟೇ ಒಂದು ಉಪಾಯ ಹೇಳಿದ. ಹಿಂದಿನ ಕಿಟಕಿಗೆ ದಪ್ಪ ಪರದೆ ಹಾಕಬೇಕು, ಮನೆ ನೋಡಲು ಬಂದವರಿಗೆ ಕಾರ್ಖಾನೆಯ ಚಿಮಣಿ ಕಾಣಬಾರದು. ಬೀದಿಯವರೆಲ್ಲ ನನ್ನ ಬಳಿಗೇ ಬಂದರು. ಒಂದೇ ಥಾನಿನ ಕಂದು ಬಟ್ಟೆಯಲ್ಲಿ ಎಲ್ಲರಿಗೂ ಒಂದೇ ನೆರಿಗೆಯ ಪರದೆ ಹೊಲಿದುಕೊಟ್ಟೆ. ಅಗ್ಗವಾಯಿತೆಂದು ಬೀಗಿದ್ದೂ ಬೀಗಿದ್ದೇ. ಭಾನುವಾರ ಕೊಳ್ಳಲು ಬಂದ ದಂಪತಿ ಮೂಲೆಮನೆ ನೋಡಿದರು, ಮೇಷ್ಟ್ರ ಮನೆ ನೋಡಿದರು, ನಮ್ಮಲ್ಲಿಗೆ ಬಂದರು. ಹಿಂದಿನ ಕೋಣೆಗೆ ಕಾಲಿಟ್ಟವಳೇ ಆಕೆ ಪರದೆಯ ಅಂಚು ಹಿಡಿದು, "ಇಲ್ಲೂ ಇದೇನಾ? ಹಾಗಾದ್ರೆ ಹಿಂದೆ ಏನೋ ಇದೆ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಇಡೀ ಬೀದಿಯೇ ಹೆಗಲು ಮುಟ್ಟಿ ನೋಡಿಕೊಂಡಿತ್ತು, ಅದೂ ನನ್ನ ಹೊಲಿಗೆಯಲ್ಲಿ. ಪರದೆ ಎಳೆದರು, ನೋಡಿದರು, ಹೋದರು. ಮಾರನೆಯ ದಿನ ಅರ್ಧರೇಟು ಬಂದು ಕಾಲು ಬೆಲೆಗೆ ಇಳಿದ.

ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಾವೇನು ಕದ್ದವರೇ? ಕಾರ್ಖಾನೆಯನ್ನು ಹಾಗೇ ಬಿಟ್ಟು ಹೋದವರು ಎಲ್ಲೋ ಹಾಯಾಗಿದ್ದಾರೆ, ನಾಚಿಕೆಯಿಂದ ಕಿಟಕಿ ಮುಚ್ಚಿಕೊಂಡವರು ನಾವು. ಅವತ್ತೇ ಪರದೆ ಕಿತ್ತೆ. ಮೇಷ್ಟ್ರೂ ಕಿತ್ತರು, ಮೂಲೆಮನೆಯ ಅಜ್ಜಿಯೂ ಕಿತ್ತರು. ಎಲ್ಲರೂ ನಗರಸಭೆಗೆ ಹೋಗಿ, ಕಾರ್ಖಾನೆಯ ಮಣ್ಣಿನಲ್ಲಿ ವಿಷವಿದೆಯೇ ಎಂದು ಪರೀಕ್ಷಿಸಲು ಜನ ಕಳಿಸುವವರೆಗೆ ಏಳುವುದಿಲ್ಲ ಎಂದು ಬೆಂಚು ಹಿಡಿದೆವು. ನಾನು ಗುಂಡಿಯ ಕಾಜಾ ಹೊಲಿಯಬೇಕಿದ್ದ ಅಂಗಿಗಳನ್ನು ಒಯ್ದಿದ್ದೆ, ಅಜ್ಜಿ ಅಲ್ಲೇ ಗೊರಕೆ ಹೊಡೆದರು. ಗೊರಕೆಗೇ ಇರಬೇಕು, ಅಧಿಕಾರಿ ಸೋತು ಜನ ಕಳಿಸಿದ. ಫಲಿತಾಂಶ ಇನ್ನೂ ಬಂದಿಲ್ಲ. ಕೆಟ್ಟದ್ದೇ ಬರಬಹುದು, ಆ ಭಯ ನನಗೂ ಇದೆ. ಬಂದರೆ ಆ ಜಾಗ ಶುಚಿ ಮಾಡಿಸುವವರೆಗೆ ಮತ್ತೆ ಅದೇ ಬೆಂಚು.

ಯಂತ್ರವನ್ನು ಹಿಂದಿನ ಕೋಣೆಗೆ ಎಳೆಸಿದ್ದೇನೆ. ಬೆಳಕು ಎಷ್ಟು ಚೆನ್ನಾಗಿದೆ ಎಂದರೆ ದಾರ ಪೋಣಿಸಲು ಕನ್ನಡಕವೇ ಬೇಡ. ಮೊನ್ನೆ ಅರ್ಧರೇಟು ಇಣುಕಿದಾಗ ಕಿಟಕಿಯ ಎದುರೇ ಕೂರಿಸಿ, "ಮೊದಲು ಚಿಮಣಿ ನೋಡಿ, ಆಮೇಲೆ ಬೆಲೆ ಮಾತಾಡಿ. ಅದು ಯಾರೋ ಬಿಟ್ಟುಹೋದ ಕಸ, ನಮ್ಮ ಮನೆಯ ಕುಂದಲ್ಲ" ಎಂದೆ. ನೀರು ಕುಡಿದು ಎದ್ದುಹೋದ.

ನಿನಗೆ ಅಲ್ಲೊಂದು ಮನೆ ಮಾಡಿಕೊಳ್ಳುವ ಆಸೆ, ಅದು ತಪ್ಪಲ್ಲ. ನಿನ್ನ ಪಾಲು ಎಂದಿಗೂ ನಿನ್ನದೇ. ಆದರೆ ತಲೆ ತಗ್ಗಿಸಿ ಮಾರುವುದು ನನ್ನಿಂದಾಗದು. ಮಕ್ಕಳ ಕೆನ್ನೆಗೆ ಅತ್ತೆಯದೊಂದು ಮುತ್ತು. ನಿನ್ನ ಹೆಂಡತಿಗೆ ಭಾರ ಎತ್ತಬೇಡ ಎಂದು ಹೇಳು, ನೀನೇ ಎತ್ತು. ಎಲ್ಲರೂ ನೆಮ್ಮದಿಯಾಗಿರಿ.

ನಿನ್ನ ಅಕ್ಕ

ತಾ.ಕ.: ಕಿತ್ತ ಪರದೆಯಲ್ಲಿ ನಿನಗೊಂದು ಕೋಟು ಹೊಲಿದು ಇದರ ಜೊತೆಗೇ ಕಳಿಸುತ್ತಿದ್ದೇನೆ. ಕಾಲರ್ ಎತ್ತಿದರೆ ಕಿವಿ ಮುಚ್ಚುತ್ತದೆ. ಆ ಕಾಲರ್ ಕತ್ತರಿಸುವ ಅಳತೆಯ ಅಚ್ಚಿಗೆ ಗಟ್ಟಿ ಕಾಗದ ಬೇಕಾಗಿತ್ತು, ನಿನ್ನ ಒಪ್ಪಿಗೆ ಕಾಗದವನ್ನೇ ಕತ್ತರಿಸಿದೆ. ಇನ್ನೊಂದು ಕಳಿಸಿದರೆ ಮುಂದಿನ ಕೋಟಿನ ತೋಳಿಗೂ ಆದೀತು.